ಮೂಲ ಅಳಿಯಿತು, ಪ್ರತಿ ಉಳಿಯಿತು: ಮದಲೂರು ಸೀಮೆಯ ಕಟ್ಟಡಗಳು ಕಲಿಸುವ ಪಾಠ

ಬೆಂಗಳೂರಿನ ಕೋಟೆಯ ಬಳಿ ಇರುವ ಟಿಪ್ಪುವಿನ ಮರದ ಅರಮನೆಯನ್ನು ನೀವು ನೋಡಿರಬಹುದು. ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗನ್ನೂ ನೋಡಿರಬಹುದು. ಲಾಲ್‌ಬಾಗನ್ನಂತೂ ಕಾಣದವರು ವಿರಳ. ಈ ಬಗೆಯ ಅರಮನೆಗಳಿಗೂ ಉದ್ಯಾನಕ್ಕೂ ಮಾದರಿ ಒದಗಿಸಿದ ಊರು ಯಾವುದು ಎಂದು ಕೇಳಿದರೆ ಎಷ್ಟು ಮಂದಿ ಉತ್ತರ ಹೇಳಬಲ್ಲರು?

ಆ ಊರು ಶಿರಾ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಆಳುತ್ತಿದ್ದ ಮೊಗಲ್ ಅಧಿಕಾರಿ ದಿಲಾವರ್ ಖಾನ ಕಟ್ಟಿಸಿದ ಅರಮನೆಯನ್ನು ನೋಡಿಯೇ ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ತಮ್ಮ ಅರಮನೆಗಳನ್ನು ಕಟ್ಟಿಸಿದರು ಎಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರು ದಾಖಲಿಸಿದೆ. ಶಿರಾದ ಖಾನ್ ಬಾಗ್ ಎಂಬ ಉದ್ಯಾನವೇ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದು ಎಂಬ ಮಾತೂ ಅದರಲ್ಲಿದೆ. ಪ್ರತಿಗಳನ್ನು ನೋಡಲು ಇಂದು ಜನ ಟಿಕೆಟ್ಟು ಕೊಂಡು ಹೋಗುತ್ತಾರೆ. ಮೂಲ ಅರಮನೆ ಮಾತ್ರ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಕುಸಿದು ಮಣ್ಣುಪಾಲಾಗಿತ್ತು. ಆದರೆ ಅದಕ್ಕಿಂತ ಹಿಂದೆಯೇ ಅದೇ ಊರಿನಲ್ಲಿ ಕಟ್ಟಿದ ಒಂದು ಗೋರಿ, ಒಂದು ಮಸೀದಿ ಇಂದಿಗೂ ನಿಂತಿವೆ.

ಹೀಗೇಕಾಯಿತು? ಒಂದೇ ಊರು, ಒಂದೇ ಬಿಸಿಲು, ಒಂದೇ ಮಳೆ. ಒಂದು ಕಟ್ಟಡ ಬೀಳುತ್ತದೆ, ಇನ್ನೊಂದು ನಿಲ್ಲುತ್ತದೆ. ಈ ಪ್ರಶ್ನೆಗೆ ಅರ್ಧ ಉತ್ತರ ಭೌತವಿಜ್ಞಾನದಲ್ಲಿದೆ. ಉಳಿದರ್ಧ ಜನರ ಗಮನದಲ್ಲಿದೆ. ಮದಲೂರಿನ ಸುತ್ತಲಿನ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಈ ಎರಡೂ ಉತ್ತರಗಳನ್ನು ಕಲಿಯಲು ಒಳ್ಳೆಯ ಪ್ರಯೋಗಾಲಯ. ಬನ್ನಿ, ಒಂದೊಂದಾಗಿ ನೋಡೋಣ.

ರಾಜಧಾನಿಯಾಗಿದ್ದ ಶಿರಾ

ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 120 ಕಿ.ಮೀ. ದೂರದಲ್ಲಿ ಶಿರಾ ಸಿಗುತ್ತದೆ. ಬಹುಪಾಲು ಪ್ರಯಾಣಿಕರಿಗೆ ಅದು ಊಟಕ್ಕೆ ಅಥವಾ ಕಾಫಿಗೆ ನಿಲ್ಲುವ ಊರು. ಆದರೆ ಒಂದು ಕಾಲಕ್ಕೆ ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆ, ಬೂದಿಹಾಳು, ಬಸವಾಪಟ್ಟಣಗಳೆಲ್ಲ ಈ ಊರಿನ ಆಡಳಿತಕ್ಕೆ ಒಳಪಟ್ಟಿದ್ದವು.

ಊರಿಗೂ ಕೋಟೆಗೂ ಅಡಿಪಾಯ ಹಾಕಿದವನು ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ. ಕೋಟೆ ಪೂರ್ಣಗೊಳ್ಳುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ ಅದನ್ನು ಗೆದ್ದುಕೊಂಡ. ಸುಮಾರು ಐವತ್ತು ವರ್ಷ ಬಿಜಾಪುರದ ಅಧೀನದಲ್ಲಿದ್ದ ಶಿರಾ 1687ರಲ್ಲಿ ಔರಂಗಜೇಬನ ಪಾಲಾಯಿತು. ತುಂಗಭದ್ರೆಯ ದಕ್ಷಿಣಕ್ಕೆ ಮೊಗಲರು ರಚಿಸಿದ ಹೊಸ ಪ್ರಾಂತದ ರಾಜಧಾನಿಯಾಯಿತು. ದಿಲಾವರ್ ಖಾನನ ಕಾಲದಲ್ಲಿ ಊರು ಉಚ್ಛ್ರಾಯಕ್ಕೆ ಏರಿತು. ಆಗ ಅಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂದು ಹೇಳಿಕೆ.

ಆಮೇಲೆ ಬಂದದ್ದು ಪದೇ ಪದೇ ಕೈ ಬದಲಾದ ಕಾಲ. 1757ರಲ್ಲಿ ಮರಾಠರು, 1761ರಲ್ಲಿ ಹೈದರ್, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಕೊನೆಗೆ ಟಿಪ್ಪು ಶ್ರೀರಂಗಪಟ್ಟಣದ ಪಕ್ಕದ ಗಂಜಾಮನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಗೆಜೆಟಿಯರು ಹೇಳುತ್ತದೆ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ. ಅರಮನೆ ಏಕೆ ಬಿತ್ತು ಎಂಬ ಪ್ರಶ್ನೆಗೆ ಅದು ಮತ್ತೆ ಬೇಕಾಗುತ್ತದೆ.

ಮರದ ಕಂಬ, ಮರದ ತೊಲೆ

ಶಿರಾದ ಅರಮನೆ ಹೇಗಿತ್ತು ಎಂಬುದನ್ನು ಅದರ ಪ್ರತಿಗಳಿಂದ ಊಹಿಸಬಹುದು. ದರಿಯಾ ದೌಲತ್ 1784ರದು. ಬೆಂಗಳೂರಿನ ಅರಮನೆಯ ಕೆಲಸವನ್ನು ಹೈದರ್ 1781ರಲ್ಲಿ ಆರಂಭಿಸಿದ, ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ. ಎರಡರಲ್ಲೂ ಕಲ್ಲಿನ ಪೀಠದ ಮೇಲೆ ಎತ್ತರವಾದ ಮರದ ಕಂಬಗಳು, ಕಂಬಗಳ ನಡುವೆ ಹೂವಿನ ಎಸಳಿನಂಥ ಬಾಗುಗಳುಳ್ಳ ಕಮಾನು, ಮೇಲೆ ಚಾವಣಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಕಂಬಗಳ ನಡುವೆ ಕಾಣುವ ಕಮಾನು ನಿಜವಾಗಿ ಕಮಾನಲ್ಲ. ಅದು ಅಲಂಕಾರ. ಚಾವಣಿಯ ಭಾರವನ್ನು ಹೊರುವುದು ಅದರ ಮೇಲೆ ಅಡ್ಡಲಾಗಿ ಮಲಗಿರುವ ಮರದ ತೊಲೆ. ಎಸಳುಗಳನ್ನು ಕಳಚಿದರೂ ಚಾವಣಿ ಬೀಳದು. ತೊಲೆಯನ್ನು ತೆಗೆದರೆ ಬೀಳುತ್ತದೆ. ಕಟ್ಟಡದ ರೂಪ ಬೇರೆ, ಅದರ ಕಾರ್ಯ ಬೇರೆ ಎಂಬುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ಸಿಗಲಾರದು.

ತೊಲೆಯ ಮೇಲೆ ಭಾರ ಬಿದ್ದಾಗ ಅದು ತುಸು ಬಾಗುತ್ತದೆ. ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಅಂದರೆ ಒಂದೇ ತೊಲೆಯಲ್ಲಿ ಸಂಪೀಡನವೂ ಕರ್ಷಣವೂ ಇವೆ. ಮರ ಎರಡನ್ನೂ ತಾಳುತ್ತದೆ. ತೇಗದ ಮರ ಗ್ರಾನೈಟಿನ ಕಾಲು ಭಾಗದಷ್ಟೇ ಭಾರ. ಆದರೆ ಬಾಗುವಿಕೆಯಲ್ಲಿ ಅದಕ್ಕಿಂತ ಹಲವು ಪಟ್ಟು ಬಲಶಾಲಿ. ಆದ್ದರಿಂದಲೇ ತೆಳು ಕಂಬಗಳ, ವಿಶಾಲವಾದ, ಗಾಳಿಯಾಡುವ ಮೊಗಸಾಲೆಗಳು ಮರದಲ್ಲಿ ಸಾಧ್ಯವಾದವು.

ಮರಕ್ಕೆ ಶತ್ರು ಭಾರವಲ್ಲ, ತೇವ. ಒಣಗಿದ ಮರದ ಮೇಲೆ ಶಿಲೀಂಧ್ರ ಬೆಳೆಯದು. ಮರದ ತೇವಾಂಶ ಸುಮಾರು ಶೇಕಡ 20ನ್ನು ಮೀರಿದರೆ ಬೆಳೆಯತೊಡಗುತ್ತದೆ. ಚಾವಣಿಯ ಒಂದು ಮೂಲೆ ಸೋರಿತು ಎನ್ನಿ. ತೊಲೆಯ ತುದಿ ನೆನೆಯುತ್ತದೆ, ಕೊಳೆಯುತ್ತದೆ, ಚಾವಣಿ ಜಗ್ಗುತ್ತದೆ, ಸೋರುವ ಜಾಗ ಇನ್ನಷ್ಟು ಅಗಲವಾಗುತ್ತದೆ. ಒಂದು ಹಾನಿ ಮುಂದಿನ ಹಾನಿಯನ್ನು ಹೆಚ್ಚಿಸುತ್ತ ಹೋಗುವ ಪ್ರಕ್ರಿಯೆ ಇದು. ಇದನ್ನು ಮೊದಲ ಹಂತದಲ್ಲೇ ತಡೆಯುವುದು ಬಹಳ ಸುಲಭ. ಮಳೆಗಾಲಕ್ಕೆ ಮೊದಲು ಒಬ್ಬರು ಮೇಲೆ ಹತ್ತಿ ಬಿರುಕು ಮುಚ್ಚಿದರೆ ಸಾಕು.

ಆ ಒಬ್ಬರು ಎಲ್ಲಿದ್ದರು? ಊರಿನ ಕುಟುಂಬಗಳು ಗಂಜಾಮಿನಲ್ಲಿದ್ದವು. ಆಳುವವನೂ ಇಲ್ಲ, ಬಡಗಿಯೂ ಇಲ್ಲ. ಬೆಂಗಳೂರಿನ ಮರದ ಅರಮನೆ ಮಾತ್ರ ಒಂದಲ್ಲ ಒಂದು ಉಪಯೋಗದಲ್ಲಿ ಉಳಿಯಿತು. ಬ್ರಿಟಿಷರ ಕಾಲದಲ್ಲಿ ಕೆಲವು ವರ್ಷ ಸರ್ಕಾರಿ ಕಚೇರಿಯೂ ಆಗಿತ್ತು. ಬಳಸುವವರಿದ್ದಲ್ಲಿ ಚಾವಣಿ ರಿಪೇರಿಯಾಗುತ್ತದೆ. ಮೂಲಕ್ಕೂ ಪ್ರತಿಗೂ ಇದ್ದ ದೊಡ್ಡ ವ್ಯತ್ಯಾಸ ಮರದಲ್ಲಿರಲಿಲ್ಲ, ಆರೈಕೆಯಲ್ಲಿತ್ತು ಎಂದು ತೋರುತ್ತದೆ.

ಕಲ್ಲಿನ ತೊಲೆಗೆ ಇರುವ ಮಿತಿ

ಕಲ್ಲಿನ ಸ್ವಭಾವ ಮರಕ್ಕೆ ತದ್ವಿರುದ್ಧ. ತೇವಕ್ಕೆ ಅದು ಅಂಜುವುದಿಲ್ಲ. ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಗ್ರಾನೈಟಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2,700 ಕಿ.ಗ್ರಾಂ. 10 ಮೀಟರು ಎತ್ತರದ ಗ್ರಾನೈಟ್ ಕಂಬದ ಬುಡದಲ್ಲಿ ಸ್ವಂತ ಭಾರದಿಂದ ಉಂಟಾಗುವ ಪೀಡನವನ್ನು ಲೆಕ್ಕ ಹಾಕಿ: 2,700ನ್ನು 9.8ರಿಂದಲೂ 10ರಿಂದಲೂ ಗುಣಿಸಿದರೆ ಸುಮಾರು 0.26 ಮೆಗಾಪಾಸ್ಕಲ್. ಗ್ರಾನೈಟು ಪುಡಿಯಾಗಲು ಬೇಕಾದದ್ದು 100 ಮೆಗಾಪಾಸ್ಕಲಿಗೂ ಹೆಚ್ಚು. ಬರೀ ಸ್ವಂತ ಭಾರಕ್ಕೆ ಬುಡ ಪುಡಿಯಾಗಬೇಕಾದರೆ ಕಂಬ ಮೂರೂವರೆ ಕಿಲೋಮೀಟರಿಗಿಂತಲೂ ಎತ್ತರ ಇರಬೇಕು!

ಅದೇ ಕಲ್ಲನ್ನು ಅಡ್ಡ ಮಲಗಿಸಿ ತೊಲೆ ಮಾಡಿದರೆ ಕಥೆ ಬೇರೆ. ಎರಡು ಕಂಬಗಳ ಮೇಲೆ ಕೂತ, 3 ಮೀಟರು ಉದ್ದ, 30 ಸೆಂ.ಮೀ. ದಪ್ಪದ ಕಲ್ಲಿನ ತೊಲೆಯ ತಳದಲ್ಲಿ ಸ್ವಂತ ಭಾರದಿಂದಲೇ ಸುಮಾರು 0.6 ಮೆಗಾಪಾಸ್ಕಲ್ ಕರ್ಷಣವಿರುತ್ತದೆ. ಉದ್ದ ಎರಡರಷ್ಟಾದರೆ ಈ ಕರ್ಷಣ ನಾಲ್ಕರಷ್ಟಾಗುತ್ತದೆ. ಮೇಲೆ ಚಪ್ಪಡಿ, ಗಾರೆಗಳ ಭಾರ ಸೇರಿದರೆ ಇನ್ನೂ ಹೆಚ್ಚು. ಕರ್ಷಣದಲ್ಲಿ ಗ್ರಾನೈಟಿನ ಬಲ ಸಂಪೀಡನ ಬಲದ ಹತ್ತರಲ್ಲೊಂದು ಭಾಗವೂ ಇಲ್ಲದಿರಬಹುದು. ಕಲ್ಲಿನೊಳಗೆ ಕಣ್ಣಿಗೆ ಕಾಣದ ಒಂದು ಬಿರುಕಿದ್ದರೆ ಅದೂ ಇಲ್ಲ. ಆದ್ದರಿಂದ ಕಲ್ಲಿನ ತೊಲೆಯನ್ನು ನೆಚ್ಚಿದ ಶಿಲ್ಪಿ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸುತ್ತಾನೆ. ಮಧುಗಿರಿ ಬೆಟ್ಟದ ಬುಡದಲ್ಲಿ ಅಕ್ಕಪಕ್ಕದಲ್ಲಿರುವ ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳಿಗೆ ಹೋದಾಗ ಕಂಬದಿಂದ ಕಂಬಕ್ಕೆ ಹೆಜ್ಜೆ ಎಣಿಸಿ ನೋಡಿ. ಆ ಅಂತರವನ್ನು ಶಿಲ್ಪಿಯ ಕಣ್ಣು ಮಾತ್ರವಲ್ಲ, ಗ್ರಾನೈಟಿನ ಕರ್ಷಣ ಬಲವೂ ನಿರ್ಧರಿಸಿದೆ.

ಕಮಾನು ಮತ್ತು ತೂಗುವ ಸರಪಳಿ

ಶಿರಾದ ಮಲಿಕ್ ರಿಹಾನ್ ದರ್ಗಾ 1651ರದು. ಬಿಜಾಪುರದ ಆಳ್ವಿಕೆಯಲ್ಲಿ ಶಿರಾದ ಅಧಿಕಾರಿಯಾಗಿದ್ದವನ ಗೋರಿ ಇದು. ಊರಿನ ಜುಮ್ಮಾ ಮಸೀದಿ ಕೆತ್ತಿದ ಕಲ್ಲಿನ ಕಟ್ಟಡ, 1696ರದು. ಮೊದಲನೆಯದು ಬಿಜಾಪುರದ ಕಾಲಕ್ಕೆ, ಎರಡನೆಯದು ಮೊಗಲರ ಕಾಲಕ್ಕೆ ಸೇರಿದ್ದು. ಎರಡರಲ್ಲೂ ಭಾರ ಹೊರುವ ಉಪಾಯ ಕಮಾನು ಮತ್ತು ಗುಮ್ಮಟ. ಇಲ್ಲಿನ ಕಮಾನು ಅಲಂಕಾರವಲ್ಲ. ನಿಜವಾಗಿ ದುಡಿಯುವ ಕಮಾನು.

ಕಮಾನು ಏನು ಮಾಡುತ್ತದೆ? ಕಲ್ಲಿಗೆ ಒಗ್ಗದ ಕರ್ಷಣವನ್ನೇ ಇಲ್ಲವಾಗಿಸುತ್ತದೆ. ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಆ ಒತ್ತು ಕಲ್ಲಿನಿಂದ ಕಲ್ಲಿಗೆ ದಾಟುತ್ತ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುತ್ತದೆ. ಕಮಾನಿನಲ್ಲಿ ಎಲ್ಲೆಲ್ಲೂ ಸಂಪೀಡನವೇ.

ಆದರೆ ಯಾವ ಆಕಾರದ ಕಮಾನು ನಿಲ್ಲುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕ ಇತಿಹಾಸ ಸ್ವಾರಸ್ಯಕರ. ಇಂಗ್ಲೆಂಡಿನ ರಾಬರ್ಟ್ ಹುಕ್, ಸ್ಪ್ರಿಂಗಿನ ನಿಯಮಕ್ಕಾಗಿ ನೀವು ಹೆಸರು ಕೇಳಿರುವ ಅದೇ ಹುಕ್, 1675ರಲ್ಲಿ ಇದರ ಉತ್ತರವನ್ನು ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿದ. ಬೇರೆಯವರು ಕದಿಯಬಾರದು, ಆದರೆ ತಾನೇ ಮೊದಲಿಗನೆಂದು ಮುಂದೆ ಸಾಧಿಸಲೂ ಆಗಬೇಕು ಎಂಬ ಅಂದಿನ ಪದ್ಧತಿ ಅದು. 1703ರಲ್ಲಿ ಅವನು ತೀರಿಕೊಂಡ. ಒಗಟಿನ ಬಿಡಿಕೆ 1705ರಲ್ಲಿ ಪ್ರಕಟವಾಯಿತು. ಅದರ ತಾತ್ಪರ್ಯ ಇಷ್ಟು: ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿ ಯಾವ ಆಕಾರದಲ್ಲಿ ತೂಗುವುದೋ ಅದನ್ನು ತಲೆಕೆಳಗು ಮಾಡಿದ ಆಕಾರದಲ್ಲಿ ಕಮಾನು ನಿಲ್ಲುವುದು. ಸರಪಳಿಯಲ್ಲಿ ಕರ್ಷಣ ಮಾತ್ರ ಇರುತ್ತದೆ. ಆಕಾರವನ್ನು ತಿರುಗಿಸಿದರೆ ಬಲಗಳೂ ತಿರುಗಿ ಸಂಪೀಡನ ಮಾತ್ರ ಉಳಿಯುತ್ತದೆ. ತೂಗುವ ಸರಪಳಿಯ ವಕ್ರರೇಖೆಗೆ ಗಣಿತದ ಸಮೀಕರಣವನ್ನು 1691ರಲ್ಲಿ ಲೈಬ್ನಿಟ್ಸ್, ಹೈಗನ್ಸ್, ಯೋಹಾನ್ ಬರ್ನೂಲಿ ಕಂಡುಕೊಂಡರು.

ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮಲಿಕ್ ರಿಹಾನ್ ಗೋರಿ ಕಟ್ಟಿದ್ದು 1651ರಲ್ಲಿ, ಅಂದರೆ ಹುಕ್ ಒಗಟು ಬರೆಯುವುದಕ್ಕೆ 24 ವರ್ಷ ಮೊದಲು. ಜುಮ್ಮಾ ಮಸೀದಿ ಮುಗಿದದ್ದು ಒಗಟಿನ ಬಿಡಿಕೆ ಪ್ರಕಟವಾಗುವುದಕ್ಕೆ 9 ವರ್ಷ ಮೊದಲು; ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಕೆಲಸ ಆಗಿನ್ನೂ ನಡೆಯುತ್ತಿತ್ತು. ಶಿರಾದ ಕಸುಬುದಾರರಿಗೆ ಹುಕ್‌ನ ಹೆಸರು ಗೊತ್ತಿರಲಿಲ್ಲ, ಹುಕ್‌ಗೆ ಶಿರಾದ ಹೆಸರು ಗೊತ್ತಿರಲಿಲ್ಲ. ಸಿದ್ಧಾಂತ ಬರುವ ಮೊದಲೇ ಕೈ ಕಲಿತಿತ್ತು. ಹಾಗೆಂದು, ಎಲ್ಲವೂ ನಮಗೆ ಮೊದಲೇ ಗೊತ್ತಿತ್ತು ಎಂದು ಬೀಗಬೇಕಾಗಿಲ್ಲ. ಕಟ್ಟಬಲ್ಲ ಅರಿವು ಬೇರೆ, ಏಕೆ ನಿಲ್ಲುತ್ತದೆ ಎಂದು ವಿವರಿಸಬಲ್ಲ ಅರಿವು ಬೇರೆ. ಎರಡಕ್ಕೂ ಅವುಗಳದೇ ಬೆಲೆ ಇದೆ.

ಗಾತ್ರ ಚಿಕ್ಕದು, ನಿಯಮ ಒಂದೇ

ಬಿಜಾಪುರದ ಗೋಲಗುಮ್ಮಟ ಪೂರ್ಣಗೊಂಡದ್ದು 1656ರಲ್ಲಿ. ಒಳವ್ಯಾಸ ಸುಮಾರು 38 ಮೀಟರಿನ ಆ ಗುಮ್ಮಟವನ್ನು ಅರಿಯದ ಕನ್ನಡಿಗನಿಲ್ಲ. ಅದೇ ರಾಜ್ಯ, ಅದೇ ದಶಕ, ಅದೇ ಪರಂಪರೆಗೆ ಸೇರಿದ ಶಿರಾದ ಗುಮ್ಮಟ ಮಾತ್ರ ಜಿಲ್ಲೆಯ ಶಾಲೆಗಳಲ್ಲೂ ಹೆಚ್ಚಾಗಿ ಮಾತಿಗೆ ಬರುವುದಿಲ್ಲ. ಗಾತ್ರದಲ್ಲಿ ಅದು ತೀರ ಚಿಕ್ಕದು, ನಿಜ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಗೆ ಗಾತ್ರ ಮುಖ್ಯವೆ?

ಗೆಲಿಲಿಯೊ 1638ರಲ್ಲಿ, ಶಿರಾ ಬಿಜಾಪುರದ ವಶವಾದ ಅದೇ ವರ್ಷ, ಎರಡು ಹೊಸ ವಿಜ್ಞಾನಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಒಂದು ಎಚ್ಚರಿಕೆ ಕೊಟ್ಟ. ವಸ್ತುವೊಂದನ್ನು ಆಕಾರ ಬದಲಿಸದೆ ದೊಡ್ಡದು ಮಾಡಿದರೆ ತೂಕ ಉದ್ದದ ಘನಕ್ಕೆ ಅನುಗುಣವಾಗಿಯೂ ಅಡ್ಡಕೊಯ್ತದ ವಿಸ್ತೀರ್ಣ ವರ್ಗಕ್ಕೆ ಅನುಗುಣವಾಗಿಯೂ ಬೆಳೆಯುತ್ತವೆ. ಆದ್ದರಿಂದ ಪೀಡನ ಹೆಚ್ಚುತ್ತದೆ, ವಸ್ತು ಮುರಿಯಬಹುದು. ಇದು ಸರಿ. ಆದರೆ ಕಲ್ಲುಕಟ್ಟಡಗಳಲ್ಲಿ ಪೀಡನ ಮೊದಲೇ ಬಹಳ ಕಡಿಮೆ ಎಂದು ಮೇಲೆ ಲೆಕ್ಕ ಹಾಕಿದೆವಲ್ಲ? ಹೀಗಾಗಿ ಅವುಗಳ ಅಳಿವು ಉಳಿವು ಕಲ್ಲಿನ ಬಲಕ್ಕಿಂತ ಹೆಚ್ಚಾಗಿ ಆಕಾರವನ್ನು ಅವಲಂಬಿಸಿದೆ. ಒತ್ತಿನ ರೇಖೆ ಕಮಾನಿನ ದಪ್ಪದೊಳಗೇ ಹಾದುಹೋದರೆ ಕಮಾನು ನಿಲ್ಲುತ್ತದೆ, ಹೊರಬಿದ್ದರೆ ಬೀಳುತ್ತದೆ. ಕೇಂಬ್ರಿಜ್‌ನ ಜಾಕ್ ಹೇಮನ್ 1966ರಲ್ಲಿ ಈ ವಿಚಾರವನ್ನು ಆಧುನಿಕ ಯಂತ್ರವಿಜ್ಞಾನದ ಭಾಷೆಯಲ್ಲಿ ಸ್ಪಷ್ಟಪಡಿಸಿದರು. ಅಳತೆಯ ಅನುಪಾತಗಳನ್ನು ಗುರುವಿನಿಂದ ಶಿಷ್ಯ ಕಲಿತು ಕಟ್ಟುವ ಹಳೆಯ ಕಸುಬು ಏಕೆ ಫಲಿಸಿತು ಎಂಬುದಕ್ಕೂ ಇದೇ ವಿವರಣೆ. ಚಿಕ್ಕ ಗುಮ್ಮಟದಲ್ಲಿ ಸರಿಯಾದ ಅನುಪಾತ ದೊಡ್ಡದರಲ್ಲೂ ಸರಿ. ಹಾಗಿದ್ದರೆ ಚಿಕ್ಕದನ್ನು ನೋಡಿ ದೊಡ್ಡದನ್ನು ಅರಿಯಬಹುದು.

ಗುಮ್ಮಟದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ದಪ್ಪದ ಅರ್ಧಗೋಳವನ್ನು ಸುತ್ತುವ ಬಳೆಗಳ ಜೋಡಣೆ ಎಂದು ಭಾವಿಸಿ. ನೆತ್ತಿಯ ಬಳಿಯ ಬಳೆಗಳಲ್ಲಿ ಸಂಪೀಡನವಿದ್ದರೆ, ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗಿಳಿದ ಮೇಲೆ ಬಳೆಗಳಲ್ಲಿ ಕರ್ಷಣ ಶುರುವಾಗುತ್ತದೆ. ಗುಮ್ಮಟದ ಬುಡ ಹೊರಕ್ಕೆ ಹರಡಲು ನೋಡುತ್ತದೆ. ಹಳೆಯ ಗುಮ್ಮಟಗಳಲ್ಲಿ ಬಿರುಕು ಬುಡದಿಂದ ಮೇಲಕ್ಕೆ ಹಬ್ಬುವುದು ಇದರಿಂದಲೇ. ರೋಮಿನ ಸೇಂಟ್ ಪೀಟರ್ ಗುಮ್ಮಟದಲ್ಲಿ ಇಂಥ ಬಿರುಕುಗಳು ಕಂಡಾಗ ಪೊಲೇನಿ ಎಂಬ ಭೌತವಿಜ್ಞಾನಿ ಸರಪಳಿಗೆ ತಕ್ಕಂತೆ ತೂಕ ಕಟ್ಟಿ ತೂಗುಬಿಟ್ಟು ಅದು ಸುರಕ್ಷಿತವೆಂದು ತೋರಿಸಿದ. ಅವನ ವರದಿ 1748ರದು. ಬುಡದ ಹರಡುವಿಕೆಯನ್ನು ತಡೆಯಲು ಗೋಡೆ ದಪ್ಪವಿರಬೇಕು, ಇಲ್ಲವೆ ಮೂಲೆಗಳ ಮೇಲೆ ಭಾರ ಹೇರಿ ಓರೆಯಾದ ಒತ್ತನ್ನು ನೆಲದ ಕಡೆಗೆ ತಿರುಗಿಸಬೇಕು. ಬಿಜಾಪುರ ಶೈಲಿಯ ಗೋರಿಗಳ ಮೂಲೆಗಳಲ್ಲಿ ನಿಂತಿರುವ ಮಿನಾರುಗಳನ್ನು ಮುಂದಿನ ಸಲ ಬರೀ ಅಲಂಕಾರವೆಂದು ನೋಡಬೇಡಿ. ಅವುಗಳ ತೂಕವೂ ಕೆಲಸ ಮಾಡುತ್ತಿರುತ್ತದೆ.

ಕಲ್ಲು ಎಲ್ಲಿಂದ ಬಂತು?

ಕಟ್ಟಡದ ಕಥೆ ಕಲ್ಲಿನಿಂದ ಶುರುವಾಗುತ್ತದೆ. ರಾಮನಗರದಿಂದ ಮಾಗಡಿ, ತುಮಕೂರು, ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ಚಾಚಿರುವ ಬೆಟ್ಟಗಳ ಸಾಲು ಒಂದೇ ಶಿಲಾರಾಶಿ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲೆಯ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,200 ಮೀಟರು ಎತ್ತರದಲ್ಲಿದೆ.

ಬೋಳು ಬಂಡೆಯ ಮೇಲ್ಮೈ ಬೇಸಗೆಯ ಮಧ್ಯಾಹ್ನ ಚೆನ್ನಾಗಿ ಕಾಯುತ್ತದೆ, ಒಳಗಿನ ಬಂಡೆ ತಂಪಾಗಿಯೇ ಇರುತ್ತದೆ. 10 ಮೀಟರು ಉದ್ದದ ಗ್ರಾನೈಟು 30 ಡಿಗ್ರಿ ಕಾದರೆ ಸುಮಾರು 2.4 ಮಿ.ಮೀ. ಹಿಗ್ಗುತ್ತದೆ. ಮೇಲಿನ ಪದರ ಹಿಗ್ಗಲು ನೋಡಿ, ಒಳಗಿನದು ಬಿಡದಿದ್ದಾಗ ಪದರ ಸಡಿಲಗೊಳ್ಳುತ್ತದೆ. ನಮ್ಮ ಕಲ್ಲುಕುಟಿಗರು ಇದೇ ತತ್ತ್ವವನ್ನು ಬಳಸಿದರು. ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ನಿಧಾನವಾಗಿ ಮುಂದೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತ ಹೋಗುವುದು. ಸದ್ದು ಟೊಳ್ಳಾದಲ್ಲಿ ಪದರ ಎದ್ದಿದೆ ಎಂದರ್ಥ. ಹೀಗೆ ಎಬ್ಬಿಸಿದ ಚಪ್ಪಡಿಯನ್ನು ಈ ಸೀಮೆಯ ಹಳೆಯ ಮನೆಗಳ ಚಾವಣಿಯಲ್ಲಿ, ಹೊಲದ ಅಂಚಿನಲ್ಲಿ ನೀವು ಕಾಣಬಹುದು. ಬಂಡೆ ಬಿಡಿಸಲು ಬೆಂಕಿ ಸಾಕು. ಕೆತ್ತಲು ಉಕ್ಕು ಬೇಕು. ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆ ಮೆದು ಕಬ್ಬಿಣಕ್ಕಿಂತ ಗಡಸು. 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೊರಟಗೆರೆಯ ಬಳಿಯ ಚನ್ನರಾಯನದುರ್ಗದ ಸುತ್ತ ಕಬ್ಬಿಣ, ಉಕ್ಕು ತಯಾರಿಸುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ. ಕಲ್ಲೂ ಇಲ್ಲೇ, ಉಳಿಯ ಉಕ್ಕೂ ಇಲ್ಲೇ.

ಮಧುಗಿರಿ ಕೋಟೆಯ ಬಗ್ಗೆ ಒಂದು ಐತಿಹ್ಯವಿದೆ. ಬೆಟ್ಟ ಹತ್ತಿ ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ನೆನೆದು ಬಂದಿತಂತೆ. ಮೇಲೆ ನೀರಿದೆ ಎಂದು ತಿಳಿದು ಪಾಳೆಯಗಾರ ಕೋಟೆ ಕಟ್ಟಿದನಂತೆ. ಮೊದಲು ಮಣ್ಣಿನ ಕೋಟೆ, ಆಮೇಲೆ ಕಲ್ಲಿನದು. ಹೈದರ್ ಅದನ್ನು ಬಲಪಡಿಸಿದ. ಕಥೆ ನಿಜವೋ ಅಲ್ಲವೋ, ಅದರೊಳಗಿನ ತರ್ಕ ನಿಜ. ಗೋಡೆ ಎಷ್ಟೇ ಗಟ್ಟಿಯಿದ್ದರೂ ನೀರಿಲ್ಲದ ಕೋಟೆ ಮುತ್ತಿಗೆಗೆ ನಿಲ್ಲದು. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಒಂದು ಹೆಕ್ಟೇರು ಬೋಳು ಬಂಡೆಯ ಮೇಲೆ ಬೀಳುವ ನೀರು 60 ಲಕ್ಷ ಲೀಟರು. ಹತ್ತರಲ್ಲೊಂದು ಪಾಲನ್ನು ದೊಣೆಗಳಲ್ಲಿ ಹಿಡಿದರೂ 6 ಲಕ್ಷ ಲೀಟರು.

ಕಟ್ಟಡವೆಂದು ಯಾರೂ ಕರೆಯದ ಕಟ್ಟಡ

ಇಲ್ಲಿಯವರೆಗೆ ಹೇಳಿದವುಗಳಿಗೆ ಕಟ್ಟಡವೆಂಬ ಹೆಸರಾದರೂ ಇದೆ. ಈ ಸೀಮೆಯಲ್ಲಿ ಅತಿ ಹೆಚ್ಚು ಶ್ರಮ ನುಂಗಿದ, ಅತಿ ಹೆಚ್ಚು ಜನರನ್ನು ಸಾಕಿದ ಕಟ್ಟಡಕ್ಕೆ ಆ ಹೆಸರೂ ಇಲ್ಲ. ಅದು ಕೆರೆಯ ಏರಿ.

ಮದಲೂರಿನ ಕೆರೆಯ ಹೆಸರು 2020ರ ಶಿರಾ ಉಪಚುನಾವಣೆಯ ಸಮಯದಲ್ಲಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಹೇಮಾವತಿ ನೀರು ಹರಿಸುವುದೇ ಅಂದಿನ ದೊಡ್ಡ ವಿಷಯ. ನೀರು ಎಲ್ಲಿಂದ ಬರಬೇಕು ಎಂಬ ಚರ್ಚೆ ಬಹಳ ನಡೆಯಿತು. ಬಂದ ನೀರನ್ನು ತಡೆದು ನಿಲ್ಲಿಸುವ ಏರಿಯ ಮಾತು ಅಪರೂಪ. ಏರಿಯ ಮೇಲಿನ ಬಲವನ್ನು ಲೆಕ್ಕ ಹಾಕೋಣ. ನೀರು 6 ಮೀಟರು ಆಳವಿದ್ದರೆ ಏರಿಯ ಪ್ರತಿ ಮೀಟರು ಉದ್ದದ ಮೇಲೆ ಸುಮಾರು 18 ಟನ್ ತೂಕದಷ್ಟು ತಳ್ಳುಬಲ. ಆಳ 3 ಮೀಟರಾದರೆ ಅದರ ಕಾಲು ಭಾಗ, ನಾಲ್ಕೂವರೆ ಟನ್. ಕೆರೆ ನೂರು ಮೀಟರು ಹಬ್ಬಿದರೂ ಅಷ್ಟೇ, ಐದು ಕಿಲೋಮೀಟರು ಹಬ್ಬಿದರೂ ಅಷ್ಟೇ. ಬಲ ಆಳದ ವರ್ಗವನ್ನು ಅವಲಂಬಿಸಿದೆ, ಹರವನ್ನಲ್ಲ. ಏರಿಯ ತಳ ಅಗಲವಾಗಿ, ನೆತ್ತಿ ಕಿರಿದಾಗಿ ಇರುವುದರ ಕಾರಣ ಇದೇ. ನೀರಿನ ಕಡೆಗೆ ಕಲ್ಲು ಜೋಡಿಸಿರುವುದು ಅಲೆಗಳು ಮಣ್ಣನ್ನು ಕೊರೆಯದಿರಲೆಂದು.

ತೂಬನ್ನು ನೋಡಿ. ಹಳೆಯ ಕೆರೆಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ಅಡ್ಡಗಲ್ಲು, ಅದರ ತೂತಿನ ಮೂಲಕ ಇಳಿಬಿಟ್ಟ ಕೋಲು, ಕೋಲಿನ ತುದಿಯಲ್ಲಿ ಬಿರಡೆ. 6 ಮೀಟರು ಆಳದಲ್ಲಿರುವ 20 ಸೆಂ.ಮೀ. ವ್ಯಾಸದ ಬಿರಡೆಯನ್ನು ನೀರು ಸುಮಾರು 190 ಕಿ.ಗ್ರಾಂ. ತೂಕದಷ್ಟು ಬಲದಿಂದ ಅದುಮಿರುತ್ತದೆ. ತೂತು ಇನ್ನೂ ದೊಡ್ಡದಾದರೆ ನೀರಗಂಟಿಯ ತೋಳಿಗೆ ಎತ್ತಲಾಗದು. ಬಿರಡೆಯ ಅಳತೆಯನ್ನು ನಿರ್ಧರಿಸಿದ್ದು ಮನುಷ್ಯನ ಬಲ. ಕೋಡಿಯ ಎತ್ತರ ಏರಿಯ ನೆತ್ತಿಗಿಂತ ಕಡಿಮೆ ಇರಲೇಬೇಕು. ಏರಿಯ ಮೇಲೆ ನೀರು ಹರಿದರೆ ಮಣ್ಣಿನ ಏರಿ ಕೆಲವೇ ಗಂಟೆಗಳಲ್ಲಿ ಕೊಚ್ಚಿಹೋಗಬಹುದು.

ವರ್ಷಗಟ್ಟಲೆ ಒಣಗಿ ನಿಂತ ಕೆರೆಯ ಏರಿಗೆ ಬೇರೆ ಅಪಾಯಗಳಿವೆ. ಜಾಲಿಯ ಬೇರು ಇಳಿಯುತ್ತದೆ, ಇಲಿ ಹೆಗ್ಗಣಗಳು ಬಿಲ ತೋಡುತ್ತವೆ, ಜೇಡಿಮಣ್ಣು ಬಿರಿಯುತ್ತದೆ. ನೀರಿಲ್ಲದಾಗ ಇವು ಯಾವುವೂ ಕಾಣುವುದಿಲ್ಲ. ಕೆರೆ ತುಂಬಿದ ದಿನ ಬಿಲದ ಮೂಲಕ ನೀರು ಜಿನುಗುತ್ತದೆ, ಮಣ್ಣನ್ನು ಹೊತ್ತೊಯ್ಯುತ್ತದೆ, ಬಿಲ ಅಗಲವಾಗುತ್ತದೆ. ಶಿರಾದ ಅರಮನೆಯ ಚಾವಣಿಯಲ್ಲಿ ಕಂಡ ಅದೇ ಸರಣಿ ಇಲ್ಲೂ ಇದೆ. ಹಾನಿ ಚಿಕ್ಕದಿರುವಾಗ ಯಾರೂ ನೋಡಲಿಲ್ಲ. ಅರಮನೆ ಬಿದ್ದರೆ ಇತಿಹಾಸದ ಒಂದು ಪುಟ ಹೋಗುತ್ತದೆ. ಏರಿ ಒಡೆದರೆ ಕೆಳಗಿನ ಅಚ್ಚುಕಟ್ಟು, ಮನೆಗಳು, ಜೀವಗಳು ಹೋಗುತ್ತವೆ.

ನಾವು ಏನು ಮಾಡಬಹುದು?

ಮಲಿಕ್ ರಿಹಾನ್ ದರ್ಗಾ, ಜುಮ್ಮಾ ಮಸೀದಿ, ಮಧುಗಿರಿ ಕೋಟೆಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಅವುಗಳಿಗೆ ಕಾನೂನಿನ ರಕ್ಷಣೆಯಾದರೂ ಇದೆ. ಊರೂರಿನ ಮಂಟಪ, ಕಲ್ಯಾಣಿ, ತೂಬು, ಹಳೆಯ ಶಾಲೆಯ ಕಟ್ಟಡ, ಇವುಗಳಿಗೆ ಅದೂ ಇಲ್ಲ. ಎಷ್ಟೋ ಸಲ ಒಳ್ಳೆಯ ಉದ್ದೇಶದಿಂದಲೇ ಹಾನಿಯಾಗುತ್ತದೆ. ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಗೋಡೆಯ ತೇವವನ್ನು ಹೊರಹೋಗಲು ಬಿಡುತ್ತದೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಹೊಂದಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಲವಣಗಳು ಹರಳುಗಟ್ಟಿ ಹಳೆಯ ಇಟ್ಟಿಗೆಯನ್ನು ಪುಡಿಮಾಡುತ್ತವೆ. ಎಣ್ಣೆಬಣ್ಣ ಬಳಿದರೂ ಇದೇ ಫಲ.

ಶಿಕ್ಷಕ ಮಿತ್ರರೆ, ಒಂದು ಕಟ್ಟಡದ ಕಡೆಗೆ ಗಮನ ಹರಿಸುವುದಕ್ಕೆ ಅತ್ಯುತ್ತಮ ದಾರಿ ಅದನ್ನು ಅಳೆಯುವುದು. ನಿಮ್ಮ ವಿದ್ಯಾರ್ಥಿಗಳಿಗೆ ಈ ನಾಲ್ಕು ಕೆಲಸ ಕೊಟ್ಟು ನೋಡಿ. ಸಂರಕ್ಷಿತ ಸ್ಮಾರಕವಾದರೆ ಅಲ್ಲಿನ ಸಿಬ್ಬಂದಿಯ ಒಪ್ಪಿಗೆ ಪಡೆಯಿರಿ. ಪ್ರಾರ್ಥನೆ ಪೂಜೆಗಳು ನಡೆಯುವ ಜಾಗವಾದರೆ ಅಲ್ಲಿನವರನ್ನು ಕೇಳಿ.

1. ಒಂದು ಮೀಟರು ಕೋಲಿನ ನೆರಳು ಮತ್ತು ಕಟ್ಟಡದ ನೆರಳನ್ನು ಒಂದೇ ಹೊತ್ತಿನಲ್ಲಿ ಅಳೆದು ಎತ್ತರ ಕಂಡುಹಿಡಿಯಿರಿ. ಗುಮ್ಮಟದ ವಿಷಯದಲ್ಲಿ ನೆರಳಿನ ಉದ್ದವನ್ನು ಗೋಡೆಯಿಂದಲ್ಲ, ಕಳಶದ ನೇರ ಕೆಳಗಿನ ಬಿಂದುವಿನಿಂದ ಲೆಕ್ಕ ಹಿಡಿಯಬೇಕು.

2. ಕಮಾನಿನ ಎದುರು ನೇರ ನಿಂತು ಚಿತ್ರ ತೆಗೆದು, ಅಚ್ಚು ಹಾಕಿಸಿ, ತಲೆಕೆಳಗಾಗಿ ಗೋಡೆಗೆ ಅಂಟಿಸಿ. ಕಮಾನಿನ ಎರಡು ಬುಡಗಳ ನಡುವೆ ಸಣ್ಣ ಸರವೊಂದನ್ನು ಇಳಿಬಿಡಿ. ಸರ ಕಮಾನಿನ ದಪ್ಪದೊಳಗೇ ಬೀಳುತ್ತದೆಯೆ? ಮೊನೆಯುಳ್ಳ ಕಮಾನಾದರೆ ಸರದ ನಡುವೆ ಸಣ್ಣ ತೂಕವೊಂದನ್ನು ಕಟ್ಟಿ ನೋಡಿ. ಸರಕ್ಕೂ ಮೊನೆ ಬರುತ್ತದೆ. ನೆತ್ತಿಯ ಮೇಲೆ ಭಾರವಿರುವಲ್ಲಿ ಮೊನೆಗಮಾನು ಏಕೆ ಹೊಂದುತ್ತದೆ ಎಂಬುದು ಆಗ ಮಾತಿಲ್ಲದೆ ತಿಳಿಯುತ್ತದೆ.

3. ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಮಟ್ಟವಾಗಿ ಬಳಸಿ ಊರ ಕೆರೆಯ ಏರಿಯ ಅಡ್ಡಕೊಯ್ತವನ್ನು ಅಳೆದು ಗ್ರಾಫ್ ಹಾಳೆಯ ಮೇಲೆ ಬರೆಯಿರಿ. ಕೋಡಿ ಎಷ್ಟು ಕೆಳಗಿದೆ ಎಂದು ಗುರುತಿಸಿ. ಬಿಲ, ಬಿರುಕು, ಗಿಡಗಳ ಜಾಗಗಳನ್ನು ನಕ್ಷೆಯಲ್ಲಿ ತೋರಿಸಿ. ಇದನ್ನು ಕೆರೆ ಒಣಗಿರುವಾಗ, ದೊಡ್ಡವರ ಜೊತೆಯಲ್ಲೇ ಮಾಡಬೇಕು. ನಕ್ಷೆಯ ಪ್ರತಿಯೊಂದನ್ನು ಗ್ರಾಮ ಪಂಚಾಯಿತಿಗೆ ಕೊಡಿ.

4. ಊರಿನ ಯಾವುದಾದರೂ ಹಳೆಯ ಗೋಡೆಯ ಬಿರುಕನ್ನು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಪ್ರತಿ ವರ್ಷ ಒಂದೇ ತಿಂಗಳಿನಲ್ಲಿ ಚಿತ್ರ ತೆಗೆಯಿರಿ. ಎರಡು ವರ್ಷದ ಚಿತ್ರಗಳು ಒಂದೇ ಆಗಿದ್ದರೆ ಬಿರುಕು ಹಳೆಯದು, ನಿಂತಿದೆ. ಅಗಲವಾಗಿದ್ದರೆ ಸಂಬಂಧಪಟ್ಟವರಿಗೆ ತಿಳಿಸಬೇಕಾದ ಸಮಯ ಬಂದಿದೆ.

ಇವುಗಳಿಗೆ ಆಗುವ ಖರ್ಚು ಒಂದು ಕೊಳವೆ, ಒಂದು ಸರ, ಒಂದು ನೋಟುಪುಸ್ತಕ. ನೋಟುಪುಸ್ತಕದ ಮೇಲೆ ಇಸವಿ ಬರೆದು ಶಾಲೆಯ ಬೀರುವಿನಲ್ಲಿಡಿ. ಮುಂದಿನ ತರಗತಿಯವರು ಮುಂದುವರಿಸಲಿ. ದಿಲಾವರ್ ಖಾನನ ಅರಮನೆಯ ಕಂಬಗಳ ನಡುವಿನ ಅಂತರವನ್ನು ಅಂದು ಯಾರಾದರೂ ಅಳೆದು ಬರೆದಿಟ್ಟಿದ್ದರೆ, ಬೆಂಗಳೂರಿನ ಅರಮನೆಯೊಡನೆ ಅದನ್ನು ನಾವು ಇಂದು ಹೋಲಿಸಬಹುದಾಗಿತ್ತು. ಆ ಅವಕಾಶ ಕೈತಪ್ಪಿದೆ. ಮಲಿಕ್ ರಿಹಾನ್ ಗುಮ್ಮಟವೂ ಮದಲೂರಿನ ಏರಿಯೂ ಇನ್ನೂ ಅಳತೆಗೆ ಸಿಗುತ್ತವೆ.